ಹಿಡಿದು ಬಿಡುವ ಟೌ

ಮಿದುಳಿನ ಹೊರಪದರದ ಕೆಲವು ನರಕೋಶಗಳ ತಂತು ಬೆನ್ನುಹುರಿಯ ಕೆಳಭಾಗದವರೆಗೆ ಇಳಿಯುತ್ತದೆ. ಅರ್ಧ ಮೀಟರಿಗೂ ಮೀರಿದ ಉದ್ದ. ದಪ್ಪವೋ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ. ಒಳಗೆ ಉದ್ದಕ್ಕೂ ಸೂಕ್ಷ್ಮನಾಳಗಳ ಹಂದರ. ಟ್ಯೂಬುಲಿನ್ ಎಂಬ ಪ್ರೋಟೀನಿನ ಜೋಡಿಗಳು ಒಂದರ ಮೇಲೊಂದು ಕೂತು ಹದಿಮೂರು ಸಾಲಾಗಿ ಸುತ್ತುಗಟ್ಟಿದರೆ ಒಂದು ನಾಳ. ಅಡ್ಡಳತೆ 25 ನ್ಯಾನೊಮೀಟರ್. ಅದರ ಮೇಲೆ ಕೈನೆಸಿನ್ ಎಂಬ ಇನ್ನೊಂದು ಪ್ರೋಟೀನು ಬೆನ್ನಿಗೆ ಸರಕಿನ ಚೀಲ ಹೊತ್ತು, ಎರಡು ಪಾದಗಳನ್ನು ಒಂದಾದ ಮೇಲೊಂದು ಎತ್ತಿಡುತ್ತ ನಡೆಯುತ್ತದೆ. ಒಂದು ಹೆಜ್ಜೆಗೆ 8 ನ್ಯಾನೊಮೀಟರ್.

ಈ ನಾಳಗಳು ಒಂದೇ ಸಮ ನಿಲ್ಲುವುದಿಲ್ಲ. ತುದಿ ಬೆಳೆಯುತ್ತಲೇ ಇರುತ್ತದೆ, ಇದ್ದಕ್ಕಿದ್ದಂತೆ ಕಳಚಿ ಕುಗ್ಗುತ್ತದೆ. ಈ ಕಟ್ಟುವಿಕೆಗೆ ಒತ್ತಾಸೆಯಾಗಿರುವ ಪ್ರೋಟೀನೇ ಟೌ. 1975ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಮಾರ್ಕ್ ಕಿರ್ಶ್ನರ್ ಅವರ ತಂಡ ಹಂದಿಯ ಮಿದುಳಿನಿಂದ ಅದನ್ನು ಬೇರ್ಪಡಿಸಿತು. ಟೌ ತೆಗೆದರೆ ಟ್ಯೂಬುಲಿನ್ ನಾಳವಾಗಲಿಲ್ಲ; ಮತ್ತೆ ಬೆರೆಸಿದರೆ ನಾಳ ಎದ್ದಿತು.

ಟೌ ಮೊಳೆ ಹೊಡೆದಂತೆ ನಾಳಕ್ಕೆ ಅಂಟಿ ಕೂರುತ್ತದೆ ಎಂದೇ ಬಹುಕಾಲ ಚಿತ್ರ ಬರೆಯುತ್ತಿದ್ದರು. ಜೀವಂತ ನರಕೋಶದಲ್ಲಿ ಒಂದೊಂದೇ ಅಣುವಿನ ಬೆನ್ನುಹತ್ತಿ ನೋಡಿದಾಗ ಕಂಡದ್ದೇ ಬೇರೆ. ಅದು ಒಂದೆಡೆ ಹಿಡಿಯುವುದು ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲು ಮಾತ್ರ! ಹಿಡಿಯಿತು, ಬಿಟ್ಟಿತು, ಪಕ್ಕದ ನಾಳಕ್ಕೆ ಹಾರಿತು. ಟೌ ಹೆಚ್ಚುಗಾರಿಕೆ ಇರುವುದು ಈ ಸಡಿಲತನದಲ್ಲಿ ಎಂದೇ ನನ್ನ ಎಣಿಕೆ. ಬಿಗಿಯಾಗಿ ಕೂತಿದ್ದರೆ ಸರಕು ಹೊತ್ತವರಿಗೆ ದಾರಿ ಎಲ್ಲಿರುತ್ತಿತ್ತು?

ಹಿಡಿತದ ಹದ ಕಾಯುವುದು ಫಾಸ್ಫೇಟ್. ಅದು ಟೌ ಮೈಗೆ ಅಂಟಿದಷ್ಟೂ ಹಿಡಿತ ಸಡಿಲ. ಆಲ್‌ಝೈಮರ್ ಕಾಯಿಲೆಯಲ್ಲಿ ಫಾಸ್ಫೇಟ್ ಮಿತಿಮೀರುತ್ತದೆ. ನಾಳ ಬಿಟ್ಟ ಟೌ ತನ್ನಲ್ಲೇ ಹೆಣೆದುಕೊಂಡು ಗಂಟಾಗುತ್ತದೆ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್, ತೀರಿಕೊಂಡ ಆಗುಸ್ಟ್ ಡೀಟರ್ ಎಂಬಾಕೆಯ ಮಿದುಳಿನ ತೆಳುಪದರಕ್ಕೆ ಬೆಳ್ಳಿಯ ಬಣ್ಣ ಹಾಕಿ ಕಂಡದ್ದು ಈ ಗಂಟುಗಳನ್ನೇ. ಕೆಲವೆಡೆ ಕೋಶ ಅಳಿದುಹೋಗಿತ್ತು, ಕಪ್ಪು ಎಳೆಗಳ ಸಿಕ್ಕು ಮಾತ್ರ ಅದರ ಜಾಗದಲ್ಲಿ ಉಳಿದಿತ್ತು. ಆ ಎಳೆ ಟೌನದೇ ಎಂದು ಗೊತ್ತಾಗಲು ಎಂಬತ್ತು ವರ್ಷ ಹಿಡಿಯಿತು.

ಈಗ ಫಾಸ್ಫೇಟ್ ಹೊತ್ತ ಟೌ ರಕ್ತದಲ್ಲೇ ಸಿಗುತ್ತದೆ. ಅದನ್ನು ಅಳೆಯುವ ಪರೀಕ್ಷೆಯೊಂದಕ್ಕೆ 2025ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರೆ, ಅರವತ್ತರ ಅರಳುಮರಳು ಎಂದು ತಳ್ಳಿಹಾಕಬೇಡಿ. ನರರೋಗ ತಜ್ಞರಿಗೆ ತೋರಿಸಿ.