ಸಂಜೆ ಹಾಜರಿಗೆ ಮರಳುವವರು

ಜೈಲಿನಲ್ಲಿರುವವರು ಕಾಯುವುದು ಬಿಡುಗಡೆಯ ದಿನಕ್ಕೆ ಮಾತ್ರ ಅಂತ ನಾವು ಅಂದ್ಕೊಂಡಿದ್ದೇವೆ. ರಾಜಸ್ಥಾನದ ಕೈದಿಗಳಿಗೆ ಅದಕ್ಕೂ ಮೊದಲು ಇನ್ನೊಂದು ನಿರೀಕ್ಷೆಯಿದೆ: ಬಯಲು ಬಂದೀಖಾನೆಗೆ ಹೋಗುವವರ ಪಟ್ಟಿಯಲ್ಲಿ ಹೆಸರು ಬರುವುದು.

ಜೈಪುರದ ಸಾಂಗಾನೇರ್‌ನಲ್ಲಿ 1963ರಿಂದ ಇಂತಹ ಬಂದೀಖಾನೆ ಇದೆ. ಶಿಕ್ಷೆಯ ಮೂರನೇ ಒಂದು ಭಾಗ ಕಳೆದು, ನಡತೆ ಚೆನ್ನಾಗಿದ್ದರೆ ಇಲ್ಲಿಗೆ ಬರಲು ಅವಕಾಶವಿದೆ. ಹೆಂಡತಿ ಮಕ್ಕಳೂ ಜೊತೆಗಿರಬಹುದು. ಬೆಳಗ್ಗೆ ಹಾಜರಿ ಕೊಟ್ಟು ಹೊರಗೆ ಕೆಲಸಕ್ಕೆ ಹೋಗುವವರು ಸಂಜೆ ಹಾಜರಿಗೆ ಮರಳಬೇಕು. ಊಟ ಜೈಲಿನಿಂದ ಬರುವುದಿಲ್ಲ, ದುಡಿದೇ ತಿನ್ನಬೇಕು.

ನಮ್ಮ ರಾಜ್ಯದಲ್ಲೂ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಅಲ್ಲಿ ಕೃಷಿಯೇ ಮುಖ್ಯ ಕೆಲಸ.

ಸಾಂಗಾನೇರ್‌ನ ಏರ್ಪಾಡು ನಿಂತಿರುವುದು ಹೊರಗೆ ಕೆಲಸ ಕೊಡುವವರ ಮೇಲೆ. ಅವರೆಲ್ಲ ಬಾಗಿಲು ಹಾಕಿದರೆ ಗೇಟು ತೆರೆದೂ ಪ್ರಯೋಜನವಿಲ್ಲ. ನಮ್ಮಲ್ಲೂ ಅಂಗಡಿ, ಹೋಟೆಲ್, ಮೀನಿನ ವ್ಯಾಪಾರ ಇರುವವರು ಬೇಕಾದಷ್ಟಿದ್ದಾರೆ. ಶಿಕ್ಷೆ ಮುಗಿಸಿ ಊರಿಗೆ ಬಂದವನು ಕೆಲಸ ಕೇಳಿದರೆ ನಾವೇನು ಹೇಳ್ತೇವೆ? "ಜೈಲಿಗೆ ಹೋದವನಾ? ಬೇಡ ಮಾರಾಯ" ಅನ್ನುವುದು ಸುಲಭ. ಆದರೆ ಅವನ ಮಕ್ಕಳು ಅಪ್ಪನ ದುಡಿಮೆಯ ಅನ್ನ ಉಣ್ಣುವುದು ನಮ್ಮ ಆ ಒಂದು ಮಾತಿನ ಮೇಲಿದೆ.