ತಾಯಂದಿರ ಬಲವೂ ಅಮೈನೋ ಆಮ್ಲಗಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ ಹಿಂದೆ ತಮ್ಮ ಮಕ್ಕಳ ವಿದ್ಯಾಭ್ಯಾಸದ ಮಾತನ್ನೇ ಆಡುತ್ತಿದ್ದರು. ಈಚೆಗೆ ವೃದ್ಧರಾದ ತಾಯಿತಂದೆಗಳ ಮಾತೂ ಅಷ್ಟೇ ಬರುತ್ತಿರುವುದು. “ಅಮ್ಮನಿಗೆ ಪದ್ಮನಾಭನಗರದ ಪಾರ್ಕಿಗೆ ಹೋಗಿಬರುವಷ್ಟು ಶಕ್ತಿಯೂ ಇಲ್ಲ, ಮಿಸ್. ಅಮೈನೋ ಆಮ್ಲದ ಪುಡಿ ಕೊಡಿಸಲೇ?” ಎಂದು ನಮ್ಮನ್ನು ಕೇಳಿದವರುಂಟು. ಅಂಥವರಿಗಾಗಿ ಈ ವಿಷಯವನ್ನು ಇಲ್ಲಿ ವಿವರಿಸುವೆವು.

ಮಾಂಸಖಂಡಗಳು ಆಮ್ಲಜನಕವನ್ನು ಬಳಸಿ ಕೆಲಸ ಮಾಡುತ್ತವೆಯಷ್ಟೆ. ಒಲೆಯುರಿದಲ್ಲಿ ಮಸಿಯಾಗುವಂತೆ, ಆಗ ಜೀವಕಣಗಳನ್ನು ಕೆಡಿಸುವ ಕೆಲವು ಉಗ್ರ ಪದಾರ್ಥಗಳೂ ಹುಟ್ಟುವುವು. ಇವನ್ನು ಅಡಗಿಸುವ ಉತ್ಕರ್ಷಣನಿರೋಧಕಗಳಲ್ಲಿ ಗ್ಲುಟಾಥಯೋನ್ ಮುಖ್ಯವಾದುದು. ಗ್ಲುಟಾಮಿಕ್ ಆಮ್ಲ, ಸಿಸ್ಟೀನ್, ಗ್ಲೈಸೀನ್ ಎಂಬ ಮೂರು ಅಮೈನೋ ಆಮ್ಲಗಳಿಂದ ದೇಹವೇ ಇದನ್ನು ಕಟ್ಟಿಕೊಳ್ಳುವುದು. ಮುಪ್ಪಿನಲ್ಲಿ ಇದು ಕಡಿಮೆಯಾಗುವುದುಂಟು.

ಹಾಗಾದರೆ ಸಾಮಗ್ರಿಯನ್ನು ಒದಗಿಸಿದರೆ ಸಾಲದೆ? ಅಮೆರಿಕಾದ ಹ್ಯೂಸ್ಟನ್ ನಗರದ ಬೇಯ್ಲರ್ ವೈದ್ಯಕೀಯ ವಿದ್ಯಾಲಯದವರು ಈ ಪ್ರಶ್ನೆಯನ್ನೇ ಹಿಡಿದರು. 2011ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 8 ಮಂದಿ ವೃದ್ಧರಿಗೆ ಎರಡು ವಾರ ಸಿಸ್ಟೀನ್ ಮತ್ತು ಗ್ಲೈಸೀನ್ ಕೊಡಲು, ರಕ್ತಕಣಗಳಲ್ಲಿ ಗ್ಲುಟಾಥಯೋನ್ ವೃದ್ಧಿಯಾಯಿತು. ತರುವಾಯ 24 ಮಂದಿ ವೃದ್ಧರ ಮೇಲೆ 16 ವಾರ ನಡೆಸಿದ ಪರೀಕ್ಷೆಯ ಫಲವೂ ಆಶಾದಾಯಕವಾಗಿತ್ತು. ಅವರ ನಡಿಗೆಯ ವೇಗವೂ ಹೆಚ್ಚಿತು. ಆದರೆ 2022ರಲ್ಲಿ ಪ್ರಕಟವಾದ, 114 ಮಂದಿ ಆರೋಗ್ಯವಂತ ವೃದ್ಧರ ಎರಡು ವಾರಗಳ ಬೇರೊಂದು ಪರೀಕ್ಷೆಯಲ್ಲಿ ಒಟ್ಟಿನ ಮೇಲೆ ಇಂಥ ಲಾಭ ಕಾಣಲಿಲ್ಲ. ಮೊದಲೇ ಕೊರತೆಯಿದ್ದವರಲ್ಲಿ ಮಾತ್ರ ಗುಣದ ಸೂಚನೆ ಕಂಡಿತು. ಇದರಿಂದ, ಪುಡಿಯು ಕೊರತೆಯುಳ್ಳವರಿಗೆ ನೆರವಾಗಬಹುದೇ ಹೊರತು ಸರ್ವರಿಗೂ ಸಂಜೀವಿನಿಯಲ್ಲವೆಂದು ತಿಳಿಯತಕ್ಕದ್ದು.

ಆದಕಾರಣ ಮೊದಲು ನೋಡಬೇಕಾದುದು ಊಟದ ತಟ್ಟೆಯನ್ನು. ಅಮೈನೋ ಆಮ್ಲಗಳು ನಮಗೆ ದೊರೆಯುವುದು ಆಹಾರದ ಪ್ರೋಟೀನಿನಿಂದಲೇ. ಅವುಗಳಲ್ಲಿ ಲೈಸೀನ್ ಎಂಬುದು ಗ್ಲುಟಾಥಯೋನಿನ ಅಂಶವಲ್ಲವಾದರೂ ಮಾಂಸಖಂಡವನ್ನು ಕಟ್ಟಲು ಅವಶ್ಯಕ. ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಗ್ರಾಂ ಲೈಸೀನ್ ಸಾಕೆಂದು 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಎಣಿಸಿದ್ದವು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ವಿದ್ಯಾಲಯದಲ್ಲಿ ಡಾ. ಅನೂರ ಕುರ್ಪಾಡರೂ ಸಂಗಡಿಗರೂ ಭಾರತೀಯರ ಮೇಲೆ ನಡೆಸಿದ ಸಂಶೋಧನೆಗಳು ಈ ಎಣಿಕೆಯನ್ನು ತಿದ್ದಲು ನೆರವಾದುವು. 2007ರ ವರದಿಯಲ್ಲಿ ಅದು 30 ಮಿಲಿಗ್ರಾಮಿಗೆ ಏರಿತು. ಅಂದರೆ 50 ಕಿಲೋಗ್ರಾಂ ತೂಕದ ತಾಯಿಗೆ ದಿನಕ್ಕೆ 1500 ಮಿಲಿಗ್ರಾಂ ಬೇಕು.

ಅನ್ನದಲ್ಲಿ ಲೈಸೀನ್ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ, ಆದರೆ ಸಿಸ್ಟೀನಿನಂಥ ಗಂಧಕಯುಕ್ತ ಆಮ್ಲಗಳು ಕಡಿಮೆ. ಮುದ್ದೆಗೆ ಹುರುಳಿಯ ಸಾರು, ಅನ್ನಕ್ಕೆ ಗಟ್ಟಿ ಹುಳಿ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು. ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವೂ ಉತ್ತಮ. ಆದರೆ ಎಲ್ಲರಿಗೂ ಬಡಿಸಿ, ಕಡೆಗೆ ಉಳಿದ ತಿಳಿಸಾರಿನಲ್ಲಿ ಅನ್ನ ಕಲಸಿಕೊಂಡು ಏಳುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ! ಇದರೊಂದಿಗೆ ನಿತ್ಯ ನಡಿಗೆಯೂ ಮಿತವಾದ ವ್ಯಾಯಾಮವೂ ಇರಬೇಕು. ಕೆಲಸವಿಲ್ಲದ ಮಾಂಸಖಂಡವು ಆಹಾರವಿದ್ದೂ ಕೃಶವಾಗುವುದು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಯಾವ ಪುಡಿಯನ್ನೂ ಸೇವಿಸತಕ್ಕದ್ದಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಪುಡಿಯ ಡಬ್ಬಿಯನ್ನು ಕೊಳ್ಳುವ ಮೊದಲು ಒಂದು ದಿನ ತಾಯಿಯೊಡನೆ ಕುಳಿತು ಉಣ್ಣಿರಿ. ಅವರ ತಟ್ಟೆಯಲ್ಲಿ ಏನಿದೆಯೆಂಬುದನ್ನು ನೋಡಿರಿ.