ಮಾತಿಲ್ಲದೆ ಕಥೆ ಹೇಳುವುದು: ಬ್ಯಾಲೆ ಪಾಠಕ್ಕೆ ನಮ್ಮ ಆಟದ ಪೂರ್ವಜ್ಞಾನ

ಬ್ಯಾಲೆ ಎಂದರೆ ಸಂಗೀತ ಮತ್ತು ನೃತ್ಯದಿಂದಲೇ ಕಥೆ ಹೇಳುವ ಯುರೋಪಿನ ರಂಗಕಲೆ. ಪಾತ್ರಧಾರಿಗಳು ಬಾಯಿ ತೆರೆಯುವುದಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "ಮಾತೇ ಇಲ್ಲದಿದ್ರೆ ಕಥೆ ಗೊತ್ತಾಗೋದು ಹ್ಯಾಗೆ ಸಾರ್?" ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಾವು ಉತ್ತರ ಹುಡುಕಿಕೊಂಡು ರಷ್ಯಾಕ್ಕೆ ಹೋಗಬೇಕಾಗಿಲ್ಲ. ಉತ್ತರದ ಮುಕ್ಕಾಲು ಭಾಗ ಮಕ್ಕಳ ಕಿವಿಯಲ್ಲೇ ಇದೆ. ಸುಗ್ಗಿ ಮುಗಿದ ಗದ್ದೆಯಲ್ಲಿ ಹರಕೆ ಆಟ ನೋಡುತ್ತಾ ಅಮ್ಮನ ಮಡಿಲಲ್ಲಿ ನಿದ್ದೆಹೋದ ಮಕ್ಕಳೇ ಇಲ್ಲಿ ಹೆಚ್ಚು.

ಹೀಗೆಂದು ನಾನು ಊಹೆಯಿಂದ ಹೇಳುತ್ತಿಲ್ಲ. ಎಂಟನೆಯ ತರಗತಿಯಲ್ಲಿ ಚಿತ್ರ ತೋರಿಸದೆ ಯಕ್ಷಗಾನದ ಧ್ವನಿಯನ್ನಷ್ಟೇ ಎರಡು ನಿಮಿಷ ಕೇಳಿಸಿದೆ. ಚೆಂಡೆಯ ಪೆಟ್ಟು ಬಿರುಸಾಗುತ್ತಿದ್ದಂತೆ ಹಿಂದಿನ ಬೆಂಚಿನಿಂದ "ರಾಕ್ಷಸ ಬಂದ" ಎಂಬ ಕೂಗು ಎದ್ದಿತು. ಪದ್ಯದ ಒಂದಕ್ಷರವೂ ಆಗ ಹಾಡಿರಲಿಲ್ಲ. ಬಣ್ಣದ ವೇಷ ಬರುವಾಗ ತೆರೆಯ ಹಿಂದೆ ಏನೇನು ನಡೆಯುತ್ತದೆ, ಕಿರೀಟದ ತುದಿ ಮೊದಲು ಹೇಗೆ ಕಾಣಿಸುತ್ತದೆ ಎಂಬುದನ್ನು ಆ ಹುಡುಗನೇ ಎದ್ದು ನಿಂತು ವಿವರಿಸಿದ. ವೀರ, ರೌದ್ರಕ್ಕೆ ಚೆಂಡೆ ಗುಡುಗುತ್ತದೆ. ದುಃಖದ ಪದ್ಯ ಬಂದರೆ ಚೆಂಡೆ ಹಿಂದೆ ಸರಿದು ಮದ್ದಳೆ, ಭಾಗವತರ ದನಿ ಮಾತ್ರ ಉಳಿಯುತ್ತವೆ. ಇದನ್ನು ಅವರಿಗೆ ಯಾರೂ ಪಾಠ ಮಾಡಿಲ್ಲ. ಇನ್ನು ಪ್ರಯಾಣದ ಕುಣಿತ. ಆ ಚೌಕಾಕಾರದ ಸಣ್ಣ ರಂಗಸ್ಥಳದಲ್ಲಿ ವೇಷಧಾರಿ ನಾಲ್ಕು ಸುತ್ತು ಬಂದರೆ ಅಯೋಧ್ಯೆ ಬಿಟ್ಟು ಕಾಡು ಸೇರಿದ ಹಾಗೆ. ನಡುವೆ ಎಷ್ಟು ಹರದಾರಿ ಎಂದು ಯಾವ ಮಗುವೂ ಕೇಳುವುದಿಲ್ಲ.

ಈ ತಿಳಿವಳಿಕೆಯ ಮೇಲೆ ಬ್ಯಾಲೆಯನ್ನು ಕಟ್ಟಬಹುದು. ಉದಾಹರಣೆಗೆ ಚೈಕೋವ್‌ಸ್ಕಿ ಸಂಗೀತ ಬರೆದ 'ಸ್ವಾನ್ ಲೇಕ್', ಅಂದರೆ ಹಂಸ ಸರೋವರ. 1877ರಲ್ಲಿ ಮಾಸ್ಕೋದಲ್ಲಿ ಮೊದಲ ಪ್ರದರ್ಶನ ಕಂಡಿತು. ಸಂಗೀತಗಾರ ತೀರಿಕೊಂಡ ಮೇಲೆ, 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೆಟಿಪಾ ಮತ್ತು ಇವಾನೊವ್ ಇದಕ್ಕೆ ಹೊಸದಾಗಿ ನೃತ್ಯ ಸಂಯೋಜಿಸಿದರು. ಇಂದು ಹೆಚ್ಚಾಗಿ ಕಾಣುವುದು ಅದನ್ನು ಅನುಸರಿಸಿದ ರೂಪಗಳನ್ನೇ. ಕಥೆ ನಮ್ಮ ಅಜ್ಜಿಕಥೆಗಳ ಜಾತಿಯದು. ಮಾಂತ್ರಿಕನೊಬ್ಬ ಓಡೆಟ್ ಎಂಬ ಕನ್ಯೆಯನ್ನು ಹಂಸವಾಗಿಸಿದ್ದಾನೆ. ರಾತ್ರಿ ಮಾತ್ರ ಅವಳಿಗೆ ಮನುಷ್ಯರೂಪ. ನಿಜವಾಗಿ ಪ್ರೀತಿಸುವವನು ಆಣೆ ಮಾಡಿ ಅದಕ್ಕೆ ತಪ್ಪದಿದ್ದರೆ ಬಿಡುಗಡೆ. ರಾಜಕುಮಾರ ಆಣೆ ಮಾಡುತ್ತಾನೆ. ಮಾಂತ್ರಿಕ ಅವಳಂತೆಯೇ ಕಾಣುವ ಓಡೀಲ್‌ಳನ್ನು ಅರಮನೆಗೆ ಕರೆತರುತ್ತಾನೆ, ರಾಜಕುಮಾರ ಮೋಸಹೋಗುತ್ತಾನೆ.

ಹಂಸಗಳಿಗೆ ಒಂದು ರಾಗಖಂಡವಿದೆ. ಓಬೋ ಎಂಬ ಊದುವ ವಾದ್ಯ ಅದನ್ನು ನುಡಿಸುತ್ತದೆ. ಅದರ ದನಿ ಸ್ವಲ್ಪ ಮೂಗಿನದು, ನಮ್ಮ ಶಹನಾಯಿಯ ದೂರದ ನೆಂಟ. ಕೆಳಗೆ ಪಿಟೀಲುಗಳು ಸಣ್ಣಗೆ ನಡುಗುತ್ತಿರುತ್ತವೆ. ಹಂಸ ರಂಗಕ್ಕೆ ಬರುವ ಮೊದಲೇ ಈ ರಾಗ ಬಂದುಬಿಡುತ್ತದೆ. ನನ್ನ ತರಗತಿಯಲ್ಲಿ ಇದನ್ನು ಕೇಳಿದ ಹುಡುಗಿಯೊಬ್ಬಳು "ಯಾರೋ ಯಾರಿಗೋ ಕಾಯ್ತಿದ್ದಾರೆ" ಎಂದಳು. ಕಥೆ ಹೇಳದೆ ಅಷ್ಟು ತಿಳಿದರೆ ಸಾಕಲ್ಲ!

ಆಮೇಲಿನದು ಇನ್ನೂ ಸೊಗಸು. ಮೂರನೆಯ ಅಂಕದಲ್ಲಿ ಅರಮನೆಗೆ ಬೇರೆ ಬೇರೆ ದೇಶಗಳ ಅತಿಥಿಗಳು ಬರುತ್ತಾರೆ. ಹಂಗೇರಿ, ಸ್ಪೇನ್, ಪೋಲೆಂಡ್ ಎಂದು ಯಾರೂ ಸಾರುವುದಿಲ್ಲ, ಆಯಾ ನಾಡಿನ ಕುಣಿತದ ತಾಳವೇ ಹೇಳುತ್ತದೆ. ರಾಜಕುಮಾರ ಓಡೀಲ್‌ಳಿಗೆ ಮರುಳಾಗಿರುವಾಗ ಕಿಟಕಿಯಾಚೆ ನಿಜವಾದ ಓಡೆಟ್ ಕಾಣಿಸುತ್ತಾಳೆ, ಹಂಸದ ರಾಗ ಕಳವಳದಿಂದ ನುಗ್ಗುತ್ತದೆ. ರಾಜಕುಮಾರನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಗಿದೆ. ಕೊನೆಯಲ್ಲಿ ಅದೇ ರಾಗ ಇಡೀ ವಾದ್ಯಮೇಳದ ಅಬ್ಬರದಲ್ಲಿ ಬಂದು ಮೈನರ್‌ನಿಂದ ಮೇಜರ್‌ಗೆ ಹೊರಳುತ್ತದೆ. ಸಂಗೀತ ಕಲಿಯುವ ಮಕ್ಕಳಿದ್ದರೆ ಸಾಧಾರಣ ಗಾಂಧಾರವಿದ್ದ ಕಡೆ ಅಂತರ ಗಾಂಧಾರ ಬಂತು ಎಂದು ಹೇಳಿ ಹಾಡಿ ತೋರಿಸಿ.

ಹಳೆಯ ರಾಗವನ್ನು ಮತ್ತೆ ತರುವ ಈ ಉಪಾಯವನ್ನು ಇದಕ್ಕೂ ಮೊದಲೇ, 1841ರ 'ಜಿಸೆಲ್' ಬ್ಯಾಲೆಯಲ್ಲಿ ಆಡೋಲ್ಫ್ ಆಡಾಂ ಬಳಸಿದ್ದ. ಮೋಸಹೋದ ಹಳ್ಳಿಯ ಹುಡುಗಿಗೆ ಬುದ್ಧಿಭ್ರಮಣೆಯಾದಾಗ ಅವಳ ಪ್ರೀತಿಯ ದಿನಗಳ ಸಂಗೀತವೇ ತುಂಡುತುಂಡಾಗಿ ಕೇಳಿಬರುತ್ತದೆ. ಅವಳು ಏನನ್ನು ನೆನೆಯುತ್ತಿದ್ದಾಳೆ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ.

ಆದರೆ ಎಲ್ಲವನ್ನೂ ಹೀಗೆ ಹೇಳಲಾಗದು, ತರಗತಿಯಲ್ಲಿ ಇದನ್ನು ಮುಚ್ಚಿಡಬಾರದು. ಬ್ಯಾಲೆಯಲ್ಲಿ ಕೆಲವು ಗೊತ್ತಾದ ಕೈಸನ್ನೆಗಳಿವೆ. ಮುಖದ ಸುತ್ತ ಕೈ ಆಡಿಸಿದರೆ ಚೆಲುವು, ಉಂಗುರದ ಬೆರಳು ತೋರಿಸಿದರೆ ಮದುವೆ, ಎರಡು ಬೆರಳು ಮೇಲೆತ್ತಿದರೆ ಆಣೆ, ಮುಷ್ಟಿ ಬಿಗಿದ ಕೈಗಳನ್ನು ಕೆಳಗೆ ಅಡ್ಡ ಹಾಕಿದರೆ ಸಾವು. ಈ ಸರೋವರ ನನ್ನ ತಾಯಿಯ ಕಣ್ಣೀರಿನಿಂದಾದದ್ದು ಎಂದು ಓಡೆಟ್ ಸನ್ನೆಯಲ್ಲೇ ಹೇಳುವ ಒಂದು ಭಾಗವಿದೆ. ಮೊದಲೇ ತಿಳಿಯದವರು ಅದನ್ನು ಹೇಗೆ ಊಹಿಸಿಯಾರು? ಎಷ್ಟೋ ತಂಡಗಳು ಅದನ್ನು ಕೈಬಿಟ್ಟೇ ಆಡುತ್ತವೆ. ಬ್ಯಾಲೆಯಲ್ಲಿ ಅತ್ತೆಯೆಂಬ ನೆಂಟಸ್ತಿಕೆಯನ್ನು ತೋರಿಸಲು ಬರುವುದಿಲ್ಲ ಎಂಬ ಅರ್ಥದ ಮಾತನ್ನು ನೃತ್ಯ ಸಂಯೋಜಕ ಬಾಲಂಚೀನ್ ಆಡುತ್ತಿದ್ದರಂತೆ. ಕೋಪ, ಬಯಕೆ, ಭಯವನ್ನು ಕುಣಿಯಬಹುದು, 'ಇವಳು ನನ್ನ ಸೋದರತ್ತೆಯ ಮಗಳು' ಎಂಬುದನ್ನು ಕುಣಿಯುವುದು ಹೇಗೆ? ಆ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು. ಅಲ್ಲಿ ಪ್ರೇಕ್ಷಕರ ಕೈಗೆ ಕೊಡುವ ಅಚ್ಚಿನ ಕಥಾಸಾರ ಮಾಡುತ್ತದೆ. ನಮ್ಮಲ್ಲಿ ಭಾಗವತರ ಪದ್ಯ ಮತ್ತು ವೇಷಧಾರಿಯ ಅರ್ಥ.

ಈ ಎರಡು ದಾರಿಗಳನ್ನು ಕನ್ನಡದಲ್ಲೇ ಒಟ್ಟಿಗೆ ಇಟ್ಟು ನೋಡಿದವರು ಕೋಟ ಶಿವರಾಮ ಕಾರಂತರು. ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟಕ್ಕೇ ನಿಲ್ಲದೆ ಅವರು ಯಕ್ಷಗಾನ ಬ್ಯಾಲೆಯನ್ನು ರೂಪಿಸಿದರು. ಹಾಡು, ಕುಣಿತ, ವೇಷ ಉಳಿಸಿಕೊಂಡು ಮಾತನ್ನು ತೆಗೆದರು. ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ಇಡೀ ರಾತ್ರಿಯ ಆಟ ಕೆಲವೇ ಗಂಟೆಗಳಿಗೆ ಇಳಿಯಿತು, ಕನ್ನಡ ಬಾರದವರೂ ನೋಡುವಂತಾಯಿತು, ಅವರ ತಂಡ ವಿದೇಶಕ್ಕೂ ಹೋಗಿ ಬಂತು. ಅರ್ಥಗಾರಿಕೆಯೇ ಆಟದ ಜೀವ ಎನ್ನುವವರು ಇದನ್ನು ಒಪ್ಪಲಿಲ್ಲ. ನನ್ನ ಮಟ್ಟಿಗೆ ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ತಕ್ಕಡಿ ಅರ್ಥದ ಕಡೆಗೇ ವಾಲುತ್ತದೆ. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುವ ರಭಸಕ್ಕೆ ಮಾತು ಬೇಡ, ಕಾಲು ಮತ್ತು ಚೆಂಡೆ ಸಾಕು. ಒಳಹೋಗುವ ದಾರಿ ಮಾತ್ರ ಗೊತ್ತು, ಹೊರಬರುವ ದಾರಿ ಗೊತ್ತಿಲ್ಲ ಎಂಬುದನ್ನು ಮಾತ್ರ ಯಾರಾದರೂ ಹೇಳಲೇಬೇಕು. ಕಾರಂತರೂ ಪದ್ಯವನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ಗಮನಿಸಿ.

ಪಾಠ ಯೋಜನೆಗೆ ಬಂದರೆ, ನಲವತ್ತು ನಿಮಿಷದ ಅವಧಿಗೆ ಹಂಸ ಸರೋವರವೊಂದೇ ಸಾಕು, ಜಿಸೆಲ್ ಅನ್ನು ಮುಂದಿನ ಅವಧಿಗೆ ಇಡಿ. ಮೊದಲು ಆಟದ ಧ್ವನಿ, ಆಮೇಲೆ ಓಬೋದ ರಾಗ, ಎರಡನ್ನೂ ಚಿತ್ರವಿಲ್ಲದೆ ಕೇಳಿಸಿ. ಮಕ್ಕಳ ಊಹೆಗಳನ್ನು ಕಪ್ಪುಹಲಗೆಯ ಮೇಲೆ ಬರೆದ ನಂತರವೇ ಕಥೆ ಹೇಳಿ. ಕಥೆ ಮೊದಲು ಹೇಳಿದರೆ ಅವರು ಕೇಳುವುದನ್ನು ನಿಲ್ಲಿಸಿ ಹೊಂದಿಸಿ ನೋಡಲು ತೊಡಗುತ್ತಾರೆ. ಗಣಿತದ ಪ್ರಶಿಕ್ಷಣಾರ್ಥಿಗಳು ತಾಳಕ್ಕೆ ಐದು ನಿಮಿಷ ಕೊಡಬಹುದು: ವಾಲ್ಟ್ಸ್‌ಗೆ 3 ಎಣಿಕೆ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10. ವಾಲ್ಟ್ಸ್ ಮತ್ತು ತ್ರಿವುಡೆಯನ್ನು ಒಟ್ಟಿಗೆ ಶುರುಮಾಡಿದರೆ ಎಷ್ಟನೆಯ ಎಣಿಕೆ ಮುಗಿದಾಗ ಎರಡೂ ಮತ್ತೆ ಒಟ್ಟಿಗೆ ಮೊದಲಾಗುತ್ತವೆ ಎಂದು ಕೇಳಿ, ಅರ್ಧ ತರಗತಿ 3, ಅರ್ಧ ತರಗತಿ 7 ಹಿಡಿದು ಚಪ್ಪಾಳೆ ತಟ್ಟಲಿ. 21ಕ್ಕೆ ಬರುವಷ್ಟರಲ್ಲಿ ಪಕ್ಕದ ತರಗತಿಯ ಮೇಷ್ಟ್ರು ಬಾಗಿಲಿಗೆ ಬಂದಿರುತ್ತಾರೆ, ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.